ನನ್ನನ್ನು ದತ್ತು ತೆಗೆದುಕೊಂಡ ಹುಡುಗಿ

ಎಪ್ಪತ್ತು ದಾಟಿದ ಮೇಲೆ ನನಗೊಬ್ಬಳು ತಾಯಿ ಸಿಕ್ಕಿದಳು. ನಗಬೇಡಿ! ಒಂದು ಮೆಡಿಕಲ್ ಕಾಲೇಜಿನವರೇ ಬಂದು, ಹೆಬ್ಬೆಟ್ಟು ಸಾಕೇ ಸಹಿ ಬರುತ್ತದೆಯೇ ಎಂದು ವಿಚಾರಿಸಿ, ಪಕ್ಕಪಕ್ಕ ನಿಲ್ಲಿಸಿ ಫೋಟೋ ಹೊಡೆದು ಮಾಡಿಸಿದ ದತ್ತು ಇದು. ನನ್ನನ್ನು ದತ್ತು ತೆಗೆದುಕೊಂಡ ತಾಯಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ತನ್ನ ಜಡೆ ತಾನೇ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಬೀದಿನಾಯಿ ಬೊಗಳಿದರೆ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು. ಓದುತ್ತಿದ್ದದ್ದು ಮಾತ್ರ ಡಾಕ್ಟರಿಕೆ.

ನಾನು ನನ್ನ ಆಯಸ್ಸಿನಲ್ಲಿ ಬೇಕಾದಷ್ಟು ಡಾಕ್ಟರುಗಳನ್ನು ನೋಡಿದ್ದೇನೆ. ಆದರೆ 'ನನಗೆ ಗೊತ್ತಿಲ್ಲ' ಎಂದು ಬಾಯಿಬಿಟ್ಟು ಹೇಳುವ ಡಾಕ್ಟರು ಅಂತ ಕಂಡದ್ದು ಅವಳೊಬ್ಬಳನ್ನೇ. ಉಳಿದವರು ಗೊತ್ತಿಲ್ಲದಿದ್ದರೆ ಸ್ಕ್ಯಾನಿಂಗ್ ಬರೆದುಕೊಡುತ್ತಾರೆ!

ನಮ್ಮೂರು ಬೊಮ್ಮಸಂದ್ರದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡಿದೆ. ಊರು ಎನ್ನುವುದು ಬಾಯಿಗೆ ಅಭ್ಯಾಸವಾಗಿರುವುದರಿಂದ. ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮಾತ್ರೆ ತಯಾರಿಸುವ ಕಾರ್ಖಾನೆ ನಿಂತಿದೆ. ಮಾತ್ರೆ ಲಾರಿ ಹತ್ತಿ ದೇಶಾಂತರ ಹೋಗುತ್ತದೆ, ವಾಸನೆ ನಮಗೆ ಉಳಿಯುತ್ತದೆ. ಹೊಲ ಹೋದ ಮೇಲೆ ನಾನು ಮನೆಯ ಹಿಂದೆ ಸಾಲಾಗಿ ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟೆ. ಇರುವವರೆಲ್ಲ ಯಾದಗಿರಿ, ರಾಯಚೂರಿನ ಕಡೆಯವರು. ಪಾಳಿಯ ಮೇಲೆ ಕಾರ್ಖಾನೆಗೆ ಹೋಗಿ ಬರುತ್ತಾರೆ.

ನಮ್ಮದು ಹಳ್ಳಿಯೋ ಪಟ್ಟಣವೋ ಎನ್ನುವುದು ಯಾರು ಯಾಕೆ ಕೇಳುತ್ತಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಕಂದಾಯ ವಸೂಲಿಗೆ ಸರ್ಕಾರದವರು ಬಂದರೆ ಪಟ್ಟಣ. ನೀರು ಬಿಡಿ ಎಂದು ನಾವು ಹೋದರೆ ಹಳ್ಳಿ. ಹಿಂದೆ ಊರ ಮುಂದೆ ಒಂದು ಆರೋಗ್ಯ ಕೇಂದ್ರವಿತ್ತು, ಅದರಲ್ಲಿ ಒಬ್ಬ ನರ್ಸಮ್ಮ ಇದ್ದಳು. ನೀವೀಗ ಪಟ್ಟಣ ಆದಿರಿ, ನಿಮಗೆ ಹಳ್ಳಿಯ ನರ್ಸು ಯಾಕೆ ಎಂದು ಅವಳನ್ನು ಬೇರೆ ಕಡೆಗೆ ಹಾಕಿದರು. ಬಾಗಿಲಿಗೆ ಬೀಗ ಬಿತ್ತು. ಬೀಗಕ್ಕೆ ತುಕ್ಕು ಬಂತು. ಇಷ್ಟೆಲ್ಲ ಆದರೂ ಆ ಮೆಡಿಕಲ್ ಕಾಲೇಜಿನ ಪಾಲಿಗೆ ಮಾತ್ರ ನಾವು ಅಪ್ಪಟ ಹಳ್ಳಿ! ಯಾಕೆ ಅನ್ನುತ್ತೀರಿ? ಡಾಕ್ಟರಿಕೆ ಓದುವ ಮಕ್ಕಳು ಮೊದಲ ವರ್ಷದಿಂದಲೇ ಹಳ್ಳಿಯ ಮನೆಗಳನ್ನು ದತ್ತು ತೆಗೆದುಕೊಂಡು, ಓದು ಮುಗಿಯುವವರೆಗೆ ಆ ಮನೆಯವರ ಆರೋಗ್ಯ ನೋಡಿಕೊಳ್ಳಬೇಕು ಎಂದು ಮೇಲಿನವರ ಕಟ್ಟಳೆಯಂತೆ. ನಿಜವಾದ ಹಳ್ಳಿ ಹುಡುಕಿಕೊಂಡು ಹೋದರೆ ಮಧ್ಯಾಹ್ನದ ಊಟಕ್ಕೆ ಹಾಸ್ಟೆಲು ಮುಟ್ಟಲು ಆಗುವುದಿಲ್ಲ. ನಾವು ಊಟಕ್ಕೆ ಮುಟ್ಟುವಷ್ಟು ಹತ್ತಿರದಲ್ಲಿದ್ದೆವು. ಹಾಗಾಗಿ ಹಳ್ಳಿಯಾದೆವು.

ಮೊದಲ ದಿನ ತಣ್ಣನೆ ಗಾಳಿ ಬಿಡುವ ಬಸ್ಸಿನಿಂದ ಬಿಳಿ ಕೋಟಿನ ಮಕ್ಕಳು ಇಳಿದರು. ಹಿಂದೆಯೇ ಅವರ ಮೇಷ್ಟ್ರು ಇಳಿದರು. ಅವರೂ ಡಾಕ್ಟರೇ. ಚರಂಡಿ, ಸೊಳ್ಳೆ, ಲಸಿಕೆ, ಹಳ್ಳಿಗಾಡಿನ ಆರೋಗ್ಯ, ಇವುಗಳ ಪಾಠ ಅವರದು. ಕೈ ಅಗಲಿಸಿ, "ನೋಡ್ರಪ್ಪಾ, ಇದು ಗ್ರಾಮೀಣ ಭಾರತ!" ಎಂದರು. ಮಕ್ಕಳು ಆ ಕಡೆ ಈ ಕಡೆ ನೋಡಿದರು. ಒಂದು ಕಡೆ ಮೊಮೊ ಮಾರುವ ಗಾಡಿ, ಇನ್ನೊಂದು ಕಡೆ ಕಾರ್ಖಾನೆಯ ಕಾಂಪೌಂಡು, ಮಧ್ಯದಲ್ಲಿ ಜಗಲಿಯ ಮೇಲೆ ನಾನು. ಗ್ರಾಮೀಣ ಅಂತ ಇದ್ದದ್ದು ನಾನೊಬ್ಬಳೇ. ಎಲ್ಲರೂ ನನ್ನ ಫೋಟೋ ಹೊಡೆದುಕೊಂಡರು.

ನನ್ನ ಮನೆ ಆ ಹುಡುಗಿಯ ಪಾಲಿಗೆ ಬಂತು. ಜೊತೆಗೆ ಹಿಂದಿನ ಕೋಣೆಯ ಯಲ್ಲಮ್ಮನ ಸಂಸಾರವೂ ಬಂತು. ಅಚ್ಚು ಹಾಕಿಸಿದ ಹಾಳೆ ಹಿಡಿದುಕೊಂಡು ಪಾಠ ಒಪ್ಪಿಸುವ ಹಾಗೆ ಕೇಳತೊಡಗಿದಳು.

"ಅಜ್ಜಿ, ಮನೇಲಿ ಜಾನುವಾರು ಎಷ್ಟಿದಾವೆ?"

"ನನ್ನ ಮಗನ್ನೂ ಸೇರಿಸ್ಬೇಕಾ?"

"ಕೊಟ್ಟಿಗೆ ಮನೆ ಒಳಗಿದ್ಯಾ, ಹೊರಗಿದ್ಯಾ?"

"ಅವನು ಒಳಗೇ ಮಲಗ್ತಾನೆ."

"ಕುಡಿಯೋ ನೀರು ಬಾವೀದಾ, ಕೆರೇದಾ, ಹೊಳೇದಾ?"

"ಟ್ಯಾಂಕರ್‌ದು ಕಣಮ್ಮ."

ಹುಡುಗಿ ಹಾಳೆ ನೋಡಿದಳು, ನನ್ನನ್ನು ನೋಡಿದಳು. ಹಾಳೆಯಲ್ಲಿ ಟ್ಯಾಂಕರಿಗೆ ಜಾಗವೇ ಇಲ್ಲ! ಪಕ್ಕದಲ್ಲಿದ್ದ ಹುಡುಗ, "ಲೇ, ಹೊಳೆ ಅಂತ ಹಾಕೇ. ಬಸ್ ಹೊರಡ್ತಿದೆ" ಅಂದ.

"ಅಜ್ಜಿ ಹೊಳೆ ಅನ್ಲಿಲ್ಲ ಕಣೋ."

ಪೆನ್ನು ತೆಗೆದು, ಅಚ್ಚಿನ ಗೆರೆಗಳ ಪಕ್ಕದಲ್ಲಿ ತಾನೇ ಒಂದು ಚೌಕ ಎಳೆದು ಟ್ಯಾಂಕರ್ ಎಂದು ಬರೆದುಕೊಂಡಳು. ಹಾಳೆ ಕೆಡಿಸಿದಳೆಂದು ಮೇಷ್ಟ್ರು ಎಲ್ಲರೆದುರಿಗೆ ಬೈದರು. ಉಳಿದ ಮಕ್ಕಳು ಜಾಣರು, ಹೊಳೆ ಎಂದೇ ಬರೆದುಕೊಂಡು ಹೋದರು. ಈಗ ಆ ಕಾಲೇಜಿನ ಕಡತದಲ್ಲಿ ನಮ್ಮೂರ ಮಧ್ಯೆ ಒಂದು ಹೊಳೆ ಹರಿಯುತ್ತಿದೆ!

ಆಮೇಲಾಮೇಲೆ ಆ ಜಾಣರು ಮನೆಗಳಿಗೆ ಬರುವುದನ್ನೂ ಬಿಟ್ಟರು. ಬಸ್ಸಿಳಿದು ಜ್ಯೂಸ್ ಅಂಗಡಿಯಲ್ಲಿ ಕೂತು ತಮ್ಮ ತಮ್ಮ ಮನೆಯವರ ತೂಕ, ಎತ್ತರ ಎಲ್ಲವನ್ನೂ ಅಂದಾಜಿನಲ್ಲಿ ಬರೆದು ಬಸ್ಸು ಹತ್ತುತ್ತಿದ್ದರು. ನಮ್ಮ ಎದುರು ಮನೆಯ ಮುದುಕ ಸತ್ತು ತಿಥಿಯಾದ ಮೇಲೂ ಕಾಲೇಜಿನಲ್ಲಿ ಅವನ ತೂಕ ಏರುತ್ತಲೇ ಇತ್ತಂತೆ! ನಮ್ಮ ಹುಡುಗಿ ಮಾತ್ರ ತೂಕದ ಯಂತ್ರವನ್ನು ಬಗಲಿಗೆ ಹಾಕಿಕೊಂಡು ಭಾನುವಾರವೂ ಟೌನ್ ಬಸ್ಸಿನಲ್ಲಿ ಬರುತ್ತಿದ್ದಳು. ಭಾನುವಾರ ಬಂದದ್ದಕ್ಕೆ ಹಾಜರಿ ಇಲ್ಲ, ಮಾರ್ಕೂ ಇಲ್ಲ. ಮತ್ತೆ ಯಾಕೆ ಬರುತ್ತೀಯೇ ಎಂದು ಕೇಳಿದೆ. "ದತ್ತು ಅಂದ್ರೆ ಭಾನುವಾರ ರಜ ಇರಲ್ವಲ್ಲ ಅಜ್ಜಿ" ಅಂದಳು. ಇದಕ್ಕೆ ತಲೆ ಸರಿಯಿಲ್ಲ ಎಂದು ನನಗೆ ಗಟ್ಟಿಯಾದದ್ದು ಆವತ್ತು.

ಇನ್ನೂ ಗಟ್ಟಿಯಾದದ್ದು ಗೌರಿ ಹಬ್ಬದ ದಿನ. ಬೆಳಿಗ್ಗೆ ಬಾಗಿಲು ತೆಗೆದರೆ ರೇಷ್ಮೆ ಲಂಗ ಉಟ್ಟು, ಮೊರದ ಬಾಗಿನ ಹಿಡಿದು ನಿಂತಿದ್ದಾಳೆ.

"ಏನೇ ಇದು?"

"ಬಾಗಿನ ಅಜ್ಜಿ. ತವರಿನವರು ಮಗಳಿಗೆ ಕೊಡ್ಬೇಕಂತೆ. ನಿಮ್ಮನ್ನ ದತ್ತು ತಗೊಂಡಿರೋದು ನಾನಲ್ವಾ?"

"ಅಯ್ಯೋ ದಡ್ಡಿ! ಇದು ಮುತ್ತೈದೇರಿಗೆ ಕೊಡೋದು ಕಣೇ. ನನ್ನ ಗಂಡ ಹೋಗಿ ಯಾವ ಕಾಲ ಆಯ್ತು!"

ಎದುರು ಮನೆಯವರು ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು. ಹುಡುಗಿಯ ಮುಖ ಕೆಂಪಾಯಿತು. "ನನಗೆ ಗೊತ್ತಿರ್ಲಿಲ್ಲ" ಅಂದಳು. ಅಲ್ಲಿಗೆ ಸುಮ್ಮನಾಗಬೇಕೋ ಬೇಡವೋ? "ಗಂಡ ಹೋದ್ರೆ ತವರು ಮನೇನೂ ಹೋಗ್ಬಿಡುತ್ತಾ ಅಜ್ಜಿ?" ಎಂದು ಕೇಳಿದಳು.

ಹೋಗುತ್ತದೆ. ನನ್ನ ಗಂಡ ತೀರಿಕೊಂಡ ವರ್ಷವೇ ನನ್ನ ಅಣ್ಣತಮ್ಮಂದಿರು ಬಾಗಿನ ನಿಲ್ಲಿಸಿದರು. ಅದು ಶಾಸ್ತ್ರ, ಅವರ ತಪ್ಪೇನಿಲ್ಲ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೆ. ಈ ಹುಡುಗಿಗೆ ಮಾತ್ರ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಸೆರಗೊಡ್ಡಿ ತೆಗೆದುಕೊಂಡೆ. ಎದುರು ಮನೆಯವರಿಗೆ ಒಂದು ವಾರಕ್ಕೆ ಸಾಕಾಗುವಷ್ಟು ಮಾತು ಸಿಕ್ಕಿತು. ಮೊರ ಬಿಚ್ಚಿದರೆ ಬಳೆ, ಅಕ್ಕಿ, ಬೇಳೆ, ಬೆಲ್ಲ ಇವೆಲ್ಲದರ ಜೊತೆಗೆ ರಕ್ತ ಹೆಚ್ಚಿಸುವ ಕಬ್ಬಿಣದ ಮಾತ್ರೆಗಳ ಪಟ್ಟಿ!

"ಇದ್ಯಾಕೇ ಬಾಗಿನದಲ್ಲಿ?"

"ಹೆಣ್ಮಕ್ಕಳಿಗೆ ಅದೇ ಮಂಗಳದ್ರವ್ಯ ಅಜ್ಜಿ."

ಯಲ್ಲಮ್ಮನ ಕತೆ ಇನ್ನೊಂದು. ಅವಳಿಗೆ ಪದೇಪದೇ ಉರಿಮೂತ್ರ, ಜ್ವರ. ನಮ್ಮ ಹುಡುಗಿ ಪುಸ್ತಕದಲ್ಲಿದ್ದದ್ದನ್ನು ಹೇಳಿದಳು: "ಅಕ್ಕಾ, ದಿನಾ ಚೆನ್ನಾಗಿ ನೀರು ಕುಡೀಬೇಕು."

ಯಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಕುಡೀತೀನ್ರಿ ಮೇಡಂ. ಕುಡದ ಮ್ಯಾಲ ಹೋಗಾಕ ನೀವು ಬಿಡ್ತೀರೇನು? ನಮ್ಮ ಸೂಪರ್‌ವೈಸರ್ ಬಿಡಂಗಿಲ್ರಿ. ಲೈನ್ ನಿಲ್ತದ ಅಂತಾನ. ಅದಕ್ಕ ನಾವು ಯಾರೂ ಪಾಳಿ ಮುಗಿಯೋತನಕ ನೀರ ಕುಡಿಯಂಗಿಲ್ಲ."

ಹುಡುಗಿ ಮುಂದಿನ ಸಲ ಬಸ್ಸಿನ ಬಾಗಿಲಲ್ಲೇ ಮೇಷ್ಟ್ರನ್ನು ಹಿಡಿದುಕೊಂಡಳು. "ಸರ್, ಮೂತ್ರಕ್ಕೆ ಹೋಗೋಕೆ ಬಿಡದೇ ಇರೋದ್ರಿಂದ ಬರೋ ಕಾಯಿಲೆಗೆ ಔಷಧಿ ಯಾವುದು ಸರ್?"

"ಅದು ಪರೀಕ್ಷೆಗೆ ಬರಲ್ಲಮ್ಮ. ಬಸ್ ಹತ್ತು."

ನನಗೆ ತಡೆಯಲಾಗಲಿಲ್ಲ. ಜಗಲಿಯಿಂದಲೇ ಕೇಳಿದೆ: "ಸಾರ್, ನೀವು ಹಳ್ಳೀಲಿ ಎಷ್ಟು ವರ್ಷ ಕೆಲಸ ಮಾಡಿದ್ರಿ?"

ಮೇಷ್ಟ್ರು ಹಿಗ್ಗಿಹೋದರು. "ಗ್ರಾಮೀಣ ಸೇವೆ ಬಗ್ಗೆ ನಾನು ಪುಸ್ತಕಾನೇ ಬರೆದಿದ್ದೀನಿ ಅಜ್ಜಿ!"

ಅಷ್ಟಕ್ಕೆ ನಮ್ಮ ಹುಡುಗಿ ಬಿಟ್ಟಳೇ? ಯಲ್ಲಮ್ಮನಿಗೆ ಹೇಗಾಗುತ್ತದೆ ಎಂದು ತಾನೇ ತಿಳಿಯಬೇಕೆಂದು ಒಂದು ಬೇಸಿಗೆಯ ಭಾನುವಾರ ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯದೆ ನಮ್ಮೂರ ಬಿಸಿಲಲ್ಲಿ ತಿರುಗಿದಳು. ಮಧ್ಯಾಹ್ನ ನನ್ನ ಜಗಲಿಯ ಮೇಲೆ ಬಾಳೆದಿಂಡಿನಂತೆ ಬಿದ್ದಳು. ಮುಖಕ್ಕೆ ನೀರು ಚಿಮುಕಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ಬಾಯಿಗೆ ಬಂದ ಹಾಗೆ ಬೈದೆ. ದತ್ತು ತೆಗೆದುಕೊಂಡವಳನ್ನೇ ನಾನು ಸಾಕುವ ಹಾಗಾಯಿತಲ್ಲ! ಯಲ್ಲಮ್ಮ ಆವತ್ತಿನಿಂದ ಅವಳನ್ನು ಮೇಡಂ ಎನ್ನುವುದು ಬಿಟ್ಟು 'ತಂಗಿ' ಎನ್ನತೊಡಗಿದಳು. ಕಾರ್ಖಾನೆಯಲ್ಲಿ ಏನು ಬದಲಾಯಿತು ಅಂತ ಕೇಳುತ್ತೀರಾ? ಏನೂ ಇಲ್ಲ. ಯಲ್ಲಮ್ಮ ಇವತ್ತಿಗೂ ಪಾಳಿಯಲ್ಲಿ ನೀರು ಕುಡಿಯುವುದಿಲ್ಲ.

ಹುಡುಗಿಯ ಓದು ಮುಗಿಯುತ್ತ ಬಂದಾಗ ಒಂದು ದಿನ ಅವಳಪ್ಪ ದೊಡ್ಡ ಕಾರಿನಲ್ಲಿ ಬಂದರು. ದಾವಣಗೆರೆ ಕಡೆಯ ಜನ, ಹಣೆಯ ಮೇಲೆ ವಿಭೂತಿ, ಮಾತು ಮೆತ್ತಗೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಮನೆ, ಯಾವುದೋ ಕಂಪನಿಯಲ್ಲಿ ಮೇಲಿನ ಕೆಲಸ. ನನ್ನ ಜಗಲಿಯ ಮೇಲೆ ಕರ್ಚೀಫು ಹಾಸಿಕೊಂಡು ಕೂತರು.

"ನೋಡ್ರಿ ಅಮ್ಮಾರ, ನಮ್ಮ ಹುಡುಗಿ ನಿಮ್ಮ ಮಾತು ಕೇಳ್ತಾಳ. ನೀವರ ಸ್ವಲ್ಪ ಹೇಳ್ರಿ. ರೇಡಿಯಾಲಜಿ ಮಾಡು ಅಂದ್ರ ಕೇಳವಲ್ಲಳು. ಹಳ್ಳಿಗೆ ಹೋಗ್ತೀನಿ ಅಂತಾಳ."

"ಅದೇನ್ ಸಾಮಿ ರೇಡಿಯಾಲಜಿ ಅಂದ್ರೆ?"

"ಸ್ಕ್ಯಾನಿಂಗ್ ನೋಡಿ ರಿಪೋರ್ಟ್ ಬರಿಯೋದ್ರಿ. ಎ.ಸಿ. ರೂಮು. ಪೇಷಂಟ್ ಮುಖ ನೋಡೋ ಹಂಗೇ ಇಲ್ಲ."

"ಮುಖ ನೋಡೋ ಹಂಗಿಲ್ಲ ಅಂದ್ರೆ ಬಲೇ ಒಳ್ಳೇ ಕೆಲಸ. ಹೇಳ್ತೀನಿ ಬಿಡಿ."

ಹೇಳಿದೆ. ಮನಸ್ಸಿಟ್ಟೇ ಹೇಳಿದೆ. ಯಾಕೆ ಹೇಳಬಾರದು? ಅವಳ ಕಾಲೇಜು ಅವಳಿಗೆ ಕಲಿಸಿದ ಹಳ್ಳಿ ಯಾವುದು? ಬೆಳಿಗ್ಗೆ ಬಂದ ಬಸ್ಸು ಊಟಕ್ಕೆ ವಾಪಸ್ಸು ಹೋಗುತ್ತಿತ್ತು. ಊಟದ ಮೇಲೆ ಹಳ್ಳಿಯಲ್ಲಿ ಏನಾಗುತ್ತದೆ ಎನ್ನುವುದು ಆ ಮಕ್ಕಳಿಗಿರಲಿ, ಆ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಹೃದಯ ಕಲಿಸಲು ತಿಂಗಳುಗಟ್ಟಲೆ, ಮಿದುಳು ಕಲಿಸಲು ತಿಂಗಳುಗಟ್ಟಲೆ, ಹಳ್ಳಿ ಕಲಿಸಲು ಒಂದು ಬಸ್ಸು, ಒಂದು ಹಾಳೆ. ಕೊನೆಯ ವರ್ಷದಲ್ಲಿ ನಾಲ್ಕು ದಿನ ಹಳ್ಳಿಯಲ್ಲಿ ಉಳಿಯಬೇಕು ಎಂಬ ನಿಯಮ ಬಂದಾಗಲ್ಲವೇ ಅರ್ಧ ಮಕ್ಕಳು ಮುಂದಿನ ಓದಿನ ಪ್ರವೇಶ ಪರೀಕ್ಷೆಗೆ ಓದಬೇಕೆಂದು ರಜ ಹಾಕಿ ಹೋದದ್ದು? ಮೇಷ್ಟ್ರು ಅವರಿಗೂ ಹಾಜರಿ ಕೊಟ್ಟರು. ನಮ್ಮೂರ ಬೀಗದ ಬಾಗಿಲನ್ನು ದಿನಾ ನೋಡುವ ನಾನು ಈ ಹುಡುಗಿಗೆ ಇನ್ನೇನು ಹೇಳಲಿ?

"ಒಬ್ಬಳೇ ಹೋಗಿ ಏನು ಕಡಿದು ಕಟ್ಟೆ ಹಾಕ್ತೀಯೇ ಅಲ್ಲಿ?" ಎಂದು ಕೇಳಿದೆ.

"ನನಗೆ ಗೊತ್ತಿಲ್ಲ ಅಜ್ಜಿ."

"ಗೊತ್ತಿಲ್ಲದೆ ಹೋಗೋರನ್ನ ಏನಂತಾರೆ ಗೊತ್ತಾ?"

"ಇಂಟರ್ನ್ ಅಂತಾರೆ" ಅಂದಳು. ನಕ್ಕುಬಿಟ್ಟೆವು. ಆದರೆ ನನಗೆ ಸಿಟ್ಟು ಇಳಿದಿರಲಿಲ್ಲ. ಹಬ್ಬ ಬರುವುದರೊಳಗೆ ಓಡಿ ಬರುತ್ತೀಯ, ಆಗ ನನ್ನ ಹತ್ತಿರ ಅಳಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದೆ.

ಓದು ಮುಗಿದವರು ಒಂದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಬೇಕು, ಆಗುವುದಿಲ್ಲ ಎನ್ನುವವರು ದಂಡ ಕಟ್ಟಿ ಬಿಡಿಸಿಕೊಳ್ಳಬಹುದು ಎಂದು ಅವಳಪ್ಪ ಹೇಳಿದ್ದರು. ಅವರು ದಂಡಕ್ಕೆ ತಯಾರಾಗಿಯೇ ಇದ್ದರು. ಇವಳು ಒಪ್ಪಲಿಲ್ಲ. ಅವಳಿಗೆ ಕೆಲಸ ಸಿಕ್ಕಿದ್ದು ದೂರವೇನಲ್ಲ, ನಮ್ಮೂರಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಕಾಡಂಚಿನ ಒಂದು ಹಳ್ಳಿ. ರಾತ್ರಿ ಅಲ್ಲಿಂದ ನೋಡಿದರೆ ನಮ್ಮ ಕಡೆಯ ಸಾಫ್ಟ್‌ವೇರ್ ಕಟ್ಟಡಗಳ ಬೆಳಕು ಕಾಣುತ್ತದಂತೆ. ಬೆಳಕು ಮಾತ್ರ ಕಾಣುತ್ತದೆ.

ಅಲ್ಲಿಂದ ಫೋನು ಶುರುವಾಯಿತು ನೋಡಿ! "ಅಜ್ಜಿ, ಪಂಪ್‌ಸೆಟ್ಟು ಕೆಟ್ಟೋಗಿದೆ, ರಿಪೇರಿಯವನನ್ನ ಡಾಕ್ಟ್ರೇ ಕರೆಸ್ಬೇಕಂತೆ. ಇದನ್ನ ನಮಗೆ ಹೇಳೇ ಕೊಟ್ಟಿಲ್ಲ." "ಅಜ್ಜಿ, ಒಬ್ಬ ತಾತ ಕೆಮ್ಮಿಗೂ ಸೂಜೀನೇ ಬೇಕು ಅಂತಾರೆ. ಬೇಡ ತಾತ ಅಂದ್ರೆ, ಹಂಗಾದ್ರೆ ನೀನು ಡಾಕ್ಟ್ರಲ್ಲ, ಬೋರ್ಡು ತೆಗಿ ಅಂತಾರೆ." "ಅಜ್ಜಿ, ಔಷಧಿ ಮುಗಿದಿದೆ, ಬರೋದು ಮುಂದಿನ ತಿಂಗಳಂತೆ. ಅಲ್ಲೀತನಕ ಜ್ವರ ಬರಬೇಡಿ ಅಂತ ಹೇಳ್ಲಾ?"

"ಓದಿದ್ದೆಲ್ಲ ಏನಾಯ್ತೇ?" ಎಂದು ನಾನು ಚುಚ್ಚುತ್ತಿದ್ದೆ.

"ಓದಿದ್ದು ಯಾವುದೂ ಇಲ್ಲಿ ಬರ್ತಾನೇ ಇಲ್ಲ ಅಜ್ಜಿ. ಬಂದದ್ದು ಯಾವುದನ್ನೂ ಓದಿಲ್ಲ!"

ಹಬ್ಬ ಬಂತು, ಹೋಯಿತು. ಹುಡುಗಿ ಓಡಿ ಬರಲಿಲ್ಲ. ಬರುಬರುತ್ತ ಫೋನೂ ಕಡಿಮೆಯಾಯಿತು. ಫೋನು ಕಡಿಮೆಯಾಯಿತೆಂದರೆ ಕೆಲಸ ಕಚ್ಚಿಕೊಂಡಿದೆ ಎಂದು ಅರ್ಥ. ನನ್ನ ಮಾತು ಸುಳ್ಳಾಯಿತಲ್ಲ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಆಮೇಲೊಂದು ಸಂಜೆ. ಪಾಳಿ ಬದಲಾಗುವ ಹೊತ್ತು. ಆ ಹೊತ್ತಿಗೆ ನಮ್ಮ ರಸ್ತೆ ಹೇಗಿರುತ್ತದೆ ಎಂದು ಬೊಮ್ಮಸಂದ್ರದ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾರ್ಖಾನೆಯ ಬಸ್ಸುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ನಿಂತಿರುತ್ತವೆ. ಸಂದಿಯಲ್ಲಿ ಸ್ಕೂಟರು, ಸ್ಕೂಟರುಗಳ ಸಂದಿಯಲ್ಲಿ ಮನುಷ್ಯರು. ನಾನು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಎಲ್ಲೋ ಆಂಬುಲೆನ್ಸು ಕೂಗತೊಡಗಿತು. ಆ ಕೂಗು ಹತ್ತಿರವೂ ಆಗಲಿಲ್ಲ, ದೂರವೂ ಆಗಲಿಲ್ಲ. ನಿಂತಲ್ಲೇ ನಿಂತು ಕೂಗಿತು. ಅವರೆಕಾಯಿ ಬಿಡಿಸಿ ಮುಗಿದರೂ ಕೂಗುತ್ತಲೇ ಇತ್ತು. ಪಾಪ, ಯಾರದೋ ಏನೋ ಎಂದುಕೊಂಡು ಒಳಗೆ ಹೋದೆ. ಆಂಬುಲೆನ್ಸು ಕೂಗುವುದು ನಮಗೆ ಹೊಸದಲ್ಲ ನೋಡಿ.

ಮಾರನೆಯ ಬೆಳಿಗ್ಗೆ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಬಿಳಿ ಕೋಟನ್ನು ಸುತ್ತಿ ಪ್ಲಾಸ್ಟಿಕ್ ಕವರಿಗೆ ತುರುಕಿದ್ದಳು. ಕವರಿನ ಒಳಗಡೆ ಕಂದು ಬಣ್ಣ ಹತ್ತಿತ್ತು. ಅವಳು ಅಳುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು ಗೋಡೆಗೇ ಹೇಳುವವಳ ಹಾಗೆ ಹೇಳಿದಳು.

"ಹೆರಿಗೆ ಚೆನ್ನಾಗೇ ಆಯ್ತು ಅಜ್ಜಿ. ಹೆಣ್ಣು ಕೂಸು. ಆಮೇಲೆ ರಕ್ತ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ನೀವಿದೆ. ಕೂಸನ್ನ ಬಾಣಂತಿ ಅತ್ತೆ ಕೈಗೆ ಕೊಟ್ಟು, ನಾನು ಅವಳ ಹೊಟ್ಟೆ ಅದುಮಿ ಹಿಡ್ಕೊಂಡೇ ದೊಡ್ಡಾಸ್ಪತ್ರೆಗೆ ಅಂತ ಆಂಬುಲೆನ್ಸ್ ಹತ್ತಿದೆ. ಕೈ ತೆಗೀಲೇ ಇಲ್ಲ. ಇಲ್ಲಿ, ನಿಮ್ಮ ರಸ್ತೇಲಿ ನಿಂತ್ಬಿಡ್ತು. ಬಸ್ಸಿನವರು ಪಾಪ ಜಾಗ ಬಿಡೋಕೆ ನೋಡಿದ್ರು, ಬಿಡೋಕೆ ಜಾಗಾನೇ ಇರ್ಲಿಲ್ಲ. ನಿಮ್ಮನೆ ಕಾಣಿಸ್ತಿತ್ತು ಅಜ್ಜಿ, ಕಿಟಕೀಲಿ."

ನಾನು ಅವರೆಕಾಯಿ ಬಿಡಿಸುತ್ತಿದ್ದೆನಲ್ಲ!

"ಪರೀಕ್ಷೇಲಿ ಇದೇ ಪ್ರಶ್ನೆ ಬಂದಿತ್ತು" ಅಂದಳು. "ಹೆರಿಗೆ ಆದ್ಮೇಲೆ ರಕ್ತ ನಿಲ್ಲದೇ ಇದ್ರೆ ಏನ್ ಮಾಡ್ತೀರಿ ಅಂತ. ರಕ್ತ ಕೊಡಬೇಕು, ಹಿರಿಯ ವೈದ್ಯರನ್ನ ಕರೆಸಬೇಕು, ಆಪರೇಷನ್ ಥಿಯೇಟರಿಗೆ ಸಾಗಿಸಬೇಕು ಅಂತ ಬರೆದಿದ್ದೆ. ಪೂರ್ತಿ ಮಾರ್ಕ್ಸ್ ಕೊಟ್ರು. ರಕ್ತ ಇಲ್ಲ, ಹಿರಿಯರು ಯಾರೂ ಇಲ್ಲ, ಥಿಯೇಟರ್ ಇಲ್ಲ, ರಸ್ತೇನೂ ಇಲ್ಲ ಅಂದ್ರೆ ಏನ್ ಮಾಡ್ತೀಯ ಅಂತ ಒಬ್ಬರೂ ಕೇಳ್ಲಿಲ್ಲ ಅಜ್ಜಿ. ಇಷ್ಟು ವರ್ಷದಲ್ಲಿ ಒಬ್ಬರೂ."

ನಾನು ಅವಳನ್ನು ತಬ್ಬಿಕೊಳ್ಳಲಿಲ್ಲ. ನನಗೆ ಅದೆಲ್ಲ ಬರುವುದಿಲ್ಲ. ಬಚ್ಚಲಿಗೆ ಕಳಿಸಿ ತಲೆಗೆ ಬಿಸಿನೀರು ಹುಯ್ದೆ. ಒಂದು ಮುದ್ದೆ ತಿನ್ನಿಸಿದೆ. ಚಾಪೆ ಹಾಕಿದೆ. ಕೋಟನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ಯಲ್ಲಮ್ಮ ಉಜ್ಜಿದಳು, ನಾನು ಉಜ್ಜಿದೆ.

ಸಂಜೆ ಅವಳಪ್ಪ ಬಂದರು. ಈ ಸಲ ಕರ್ಚೀಫು ಹಾಸಲಿಲ್ಲ. ಮಲಗಿದ್ದ ಮಗಳನ್ನು ಬಾಗಿಲಿನಿಂದಲೇ ನೋಡಿ, ಹೊರಗೆ ಬಂದು ಕಣ್ಣೊರೆಸಿಕೊಂಡರು. "ಸಾಕ್ರಿ ಅಮ್ಮಾರ. ದಂಡ ಕಟ್ಟಿಬಿಡ್ತೀನಿ. ಇನ್ನ ಕಳಸೂದಿಲ್ಲ." ಹುಡುಗಿ ಎದ್ದು ಬಂದು ನನ್ನ ಪಕ್ಕ ಕೂತಳು. "ನೀವು ಹೇಳಿದ್ದೇ ಸರಿ ಅಜ್ಜಿ. ಆ ಜನರ ಮುಖ ನಾನು ಹೇಗೆ ನೋಡ್ಲಿ? ಅಪ್ಪ ಹೇಳ್ದಂಗೆ ಮುಖ ನೋಡದೇ ಇರೋ ಕೆಲಸಾನೇ ಮಾಡ್ತೀನಿ" ಅಂದಳು.

ನೀವೇ ಹೇಳಿ, ನನ್ನ ಮಾತು ಸರಿ ಎಂದು ಈ ಮನೆಯಲ್ಲಿ ಇದುವರೆಗೆ ಯಾರಾದರೂ ಅಂದದ್ದುಂಟೇ? ನನ್ನ ಮಗ ಅಂದಿದ್ದಾನೆಯೇ? ಅಂಥ ಮಾತು ಕಿವಿಗೆ ಬಿದ್ದ ದಿನ ಖುಷಿಯಿಂದ ಹೂಂ ಎನ್ನಬೇಕಿತ್ತು. ಗದರಿಬಿಟ್ಟೆ!

"ಸರಿ ಅಂತ ಯಾವಳೇ ಹೇಳಿದ್ದು? ನೀನು ಹೋದ್ರೆ ಆ ಬಾಗಿಲಿಗೂ ಬೀಗ ಬೀಳುತ್ತೆ. ಇನ್ನೊಬ್ಬಳು ಬಸುರಿ ಬಂದು ಬೀಗ ನೋಡ್ಕೊಂಡು ನಿಂತ್ಕೋಬೇಕಾ? ಸೋಮವಾರ ಮೊದಲನೇ ಬಸ್ಸಿಗೆ ಹೊರಡು. ನಾನೂ ಬರ್ತೀನಿ."

ಅವಳಪ್ಪ ನನ್ನ ಮುಖವನ್ನೇ ನೋಡಿದರು. ನನಗೂ ನನ್ನ ಬಾಯಿಯ ಮೇಲೆ ನಂಬಿಕೆ ಬರಲಿಲ್ಲ.

ಸೋಮವಾರ ಹೋದೆವು. ಒಗೆದ ಕೋಟು ಹಾಕಿಕೊಂಡು ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಆ ಆಸ್ಪತ್ರೆ ಎಂದರೆ ಎರಡು ಕೋಣೆ, ಮುಂದೊಂದು ಪಡಸಾಲೆ, ಅಲ್ಲೊಂದು ಉದ್ದನೆಯ ಬೆಂಚು. ಬೆಂಚಿನ ಮೇಲೆ ನರಪಿಳ್ಳೆಯಿಲ್ಲ.

"ದಿನಾ ಇಷ್ಟೊತ್ಗೆ ಜನ ತುಂಬ್ಕೊಂಡಿರೋರು" ಎಂದಳು ಅಲ್ಲಿಯ ನರ್ಸಮ್ಮ, ನೆಲ ನೋಡುತ್ತ. "ಇವತ್ತು ಯಾರೂ ಬರಾಕಿಲ್ಲ ಬುಡಿ ಮೇಡಂ. ಬಾಣಂತಿ ನಿಮ್ ಕೈಲೇ ಸತ್ಲು ಅಂತ ಊರಲ್ಲಿ ಮಾತಾಡ್ಕಂತಾವ್ರೆ."

ಹುಡುಗಿ ಒಳಗೆ ಹೋಗಿ ಮೇಜಿನ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತಳು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಿಸಿಲು ಮೆಟ್ಟಿಲು ಹತ್ತಿ ಪಡಸಾಲೆಗೆ ಬಂತು. ಸ್ವಲ್ಪ ಹೊತ್ತಾದ ಮೇಲೆ ಅವಳು ಬಾಗಿಲಿಗೆ ಬಂದು, "ಅಜ್ಜಿ, ಒಳಗೆ ಬನ್ನಿ, ಅಲ್ಲಿ ಬಿಸಿಲು" ಅಂದಳು.

"ಇದು ಪೇಷಂಟ್‌ಗಳ ಬೆಂಚು. ನನಗೆ ಮಂಡಿ ನೋವು. ನನ್ನ ಸರದಿ ಬಂದಾಗ ಕರಿ."

ಸರದಿಯಲ್ಲಿ ಇದ್ದವಳು ನಾನೊಬ್ಬಳೇ. ಅವಳು ಕರೆಯಬೇಕೆಂದು ಬಾಯಿ ತೆಗೆದಳು. ಅಷ್ಟರಲ್ಲಿ ಗೇಟು ಕಿರ್ರೆಂದಿತು.

ನನಗಿಂತ ಚಿಕ್ಕವಳು ಒಬ್ಬಳು, ಎದೆಗೆ ಹಳೆ ಸೀರೆಯ ಗಂಟು ಅವಚಿಕೊಂಡು ಬಂದಳು. ಗಂಟಿನೊಳಗಿಂದ ಬೆಕ್ಕಿನ ಮರಿಯಂಥ ದನಿ. ನರ್ಸಮ್ಮ ನನ್ನ ಕಿವಿಯ ಹತ್ತಿರ, "ಸತ್ತೋದ್ಲಲ್ಲ, ಆ ಬಾಣಂತಿ ಅತ್ತೆ" ಅಂದಳು. ಆ ಹೆಂಗಸು ಡಾಕ್ಟರ ಕಡೆ ಕಣ್ಣೆತ್ತಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ನನ್ನನ್ನೇ ಕೇಳಿದಳು.

"ಸರದಿ ನಿಂದಾ ಅಕ್ಕಾ?"

"ಊಂ, ನಂದೇ."

"ಕೂಸು ಆಲು ಕುಡೀತಾ ಇಲ್ಲ ಕಣಕ್ಕಾ. ರಾತ್ರಿಯಿಂದ."

"ಡಾಕ್ಟ್ರೇ" ಎಂದು ನಾನು ಒಳಗೆ ಕೇಳುವ ಹಾಗೆ ಕೂಗಿದೆ, ಅವಳು ಬಾಗಿಲಲ್ಲೇ ನಿಂತಿದ್ದರೂ. "ನಂದು ತಡ ಆದ್ರೂ ಪರವಾಗಿಲ್ಲ. ಮೊದ್ಲು ಈ ಕೂಸನ್ನ ನೋಡಿ."

ಹುಡುಗಿ ಮುಂದೆ ಬಂದು ಎರಡೂ ಕೈ ಚಾಚಿದಳು. ಆ ಹೆಂಗಸು ಎದ್ದು ನಿಂತಳು. ಕೂಸನ್ನು ತಕ್ಷಣ ಕೊಡಲಿಲ್ಲ. ಆ ಕೈಗಳನ್ನೇ ನೋಡುತ್ತ ನಿಂತಳು.

ಆಮೇಲೆ ಕೊಟ್ಟಳು.